ಹಳೇ ಫೋನಿಗೆ ಆಪ್: ಬಿಗಿಯಾಗಿ ಬರೆಯಬೇಕಾ, ಬಿಡಿ ಬಿಡಿಯಾಗಿಯಾ?

2 ಜಿಬಿ ರ‍್ಯಾಮ್ ಫೋನಿಗೆ ಬಿಲ್ಲಿಂಗ್ ಆಪ್ ಬರೆಯುತ್ತಿದ್ದೀರಿ. ವೇಗಕ್ಕಾಗಿ ಎಲ್ಲವನ್ನೂ ಒಟ್ಟಿಗೆ ಬಿಗಿಯಾಗಿ ಬರೆಯಲಾ, ಮಾಡ್ಯೂಲ್‌ಗಳಾಗಿ (ಬೇರೆ ಬೇರೆ ಭಾಗಗಳಾಗಿ) ಒಡೆಯಲಾ ಅಂತ ಕೇಳಿದ್ದೀರಿ. ಗಂಗಾವತಿಯಲ್ಲಿ ಭತ್ತದ ದಲಾಲಿ ಅಂಗಡಿಗಳಿಗೆ ತೂಕದ ಚೀಟಿ ಹೊಡೆಯುವ ಆಪ್ ನಾನು ಬರೆದಿದ್ದೇನೆ. ಎರಡೂ ದಾರಿಯಲ್ಲಿ ಹೋಗಿ ನೋಡಿದ್ದೇನೆ.

ಮೊದಲ ಸಲ ಲೆಕ್ಕ, ಸ್ಕ್ರೀನು, ಪ್ರಿಂಟರ್ ಎಲ್ಲ ಒಂದರೊಳಗೊಂದು ಸೇರಿಸಿ ಬರೆದೆ. ಆಗ ಚೀಟಿ ಇಂಗ್ಲಿಷಿನಲ್ಲಿತ್ತು, ಹಳೇ ಫೋನಿನಲ್ಲೂ ಸರಸರ ಬರುತ್ತಿತ್ತು. ಆಮೇಲೆ ಒಂದು ಅಂಗಡಿಯವರು 2 ಇಂಚಿನ ಪ್ರಿಂಟರ್ ಬಿಟ್ಟು 3 ಇಂಚಿನದು ತಂದರು. ಸಾಲಿಗೆ 32 ಅಕ್ಷರ ಇದ್ದದ್ದು 48 ಆಯಿತು. ಆ 32 ನನ್ನ ಕೋಡಿನಲ್ಲಿ ಎಲ್ಲೆಲ್ಲಿ ಕೂತಿದೆ ಅಂತ ಹುಡುಕುವುದರಲ್ಲೇ ಮೂರು ದಿನ ಹೋಯಿತು. ಸುಗ್ಗಿ ಬೇರೆ, ಹೊರಗೆ ಟ್ರ್ಯಾಕ್ಟರ್ ಸಾಲು. ರೈತರು ಕೈಬರಹದ ಚೀಟಿಗೆ ಕಾಯುತ್ತಾ ನಿಂತಿದ್ದು ಈಗಲೂ ನನ್ನನ್ನು ಚುಚ್ಚುತ್ತದೆ.

ಹಾಗಾಗಿ ಪ್ರಿಂಟರ್ ಭಾಗವನ್ನು ಬೇರೆ ಮಾಡಿದೆ. 2017ರ ಆಂಡ್ರಾಯ್ಡ್ 8ರಲ್ಲಿ ಪ್ರಾಜೆಕ್ಟ್ ಟ್ರೆಬಲ್ ಅಂತ ಬಂತಲ್ವಾ, ಅದೂ ಇದೇ ಕೆಲಸ. ಚಿಪ್ಪಿಗೆ ಸೇರಿದ ಕೆಳಗಿನ ಕೋಡನ್ನು ಮೇಲಿನ ಆಂಡ್ರಾಯ್ಡ್‌ನಿಂದ ಬಿಡಿಸಿದರು, ಅಪ್‌ಡೇಟ್ ಕೊಡುವುದು ಸುಲಭವಾಯಿತು.

ಬಿಡಿ ಮಾಡಿದ್ದರ ಬೆಲೆ ಗೊತ್ತಾಗಿದ್ದು ರೈತರ ಹೆಸರು ಕನ್ನಡದಲ್ಲಿ ಬೇಕು ಅಂದಾಗ. ಈ ಸಣ್ಣ ಥರ್ಮಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಚೀಟಿಯನ್ನು ಚಿತ್ರ ಮಾಡಿ ಕಳಿಸಬೇಕು. 2 ಇಂಚಿನದರಲ್ಲಿ ಗೆರೆಗೆ 384 ಚುಕ್ಕಿ. ಬಣ್ಣದ ಚಿತ್ರವಾದರೆ ಚುಕ್ಕಿಗೆ 4 ಬೈಟ್, ಅಂದರೆ ಗೆರೆಗೆ 1,536 ಬೈಟ್. ಕಪ್ಪು-ಬಿಳುಪಿಗೆ ಚುಕ್ಕಿಗೊಂದು ಬಿಟ್ ಸಾಕು, ಗೆರೆಗೆ ಬರೀ 48 ಬೈಟ್. ನನ್ನ ಮಾಡ್ಯೂಲ್‌ಗಳು ಸುಮ್ನೆ ಬಣ್ಣದ ಚಿತ್ರವನ್ನೇ ನಕಲು ಮಾಡಿ ಮಾಡಿ ಒಂದರಿಂದ ಒಂದಕ್ಕೆ ದಾಟಿಸುತ್ತಿದ್ದವು. ಚೀಟಿ ಮೇಲೆ ಚೀಟಿ ಹೊಡೆದರೆ ಫೋನು ಮಧ್ಯೆ ಮಧ್ಯೆ ನಿಂತುಬಿಡುತ್ತಿತ್ತು.

ಆ ಒಂದು ಜಾಗವನ್ನು ಮಾತ್ರ ಬಿಗಿ ಮಾಡಿದೆ. ಚಿತ್ರ ಬರೆಯುವುದು, ಕಪ್ಪು-ಬಿಳುಪು ಮಾಡುವುದು, ಬ್ಲೂಟೂತಿಗೆ ತಳ್ಳುವುದು ಎಲ್ಲ ಪ್ರಿಂಟರ್ ಮಾಡ್ಯೂಲಿನ ಒಳಗೇ. ಸ್ವಲ್ಪ ಸ್ವಲ್ಪ ಗೆರೆಯಾಗಿ, ಒಂದೇ ಬಫರನ್ನು (ಮೆಮೊರಿಯ ತಾತ್ಕಾಲಿಕ ಜಾಗ) ಮತ್ತೆ ಮತ್ತೆ ಬಳಸಿ. ಉಳಿದ ಕೋಡಿಗೆ ಗೊತ್ತಿರುವುದು ‘ಈ ಚೀಟಿ ಹೊಡಿ’ ಅನ್ನುವುದಷ್ಟೇ.

ನೀವೂ ಮೊದಲು ಅಂಗಡಿಯಲ್ಲಿ ಕೇಳಿ, ಏನೇನು ಬದಲಾಗುತ್ತದೆ ಅಂತ. ಪ್ರಿಂಟರಾ, ತೂಕದ ಯಂತ್ರವಾ, ಕಮಿಷನ್ ಲೆಕ್ಕವಾ? ಅಲ್ಲಲ್ಲಿ ಒಡೆಯಿರಿ. ಯಾವ ಕೋಡು ಎಷ್ಟು ಸಮಯ, ಮೆಮೊರಿ ತಿನ್ನುತ್ತದೆ ಅಂತ ತೋರಿಸುವ ಪ್ರೊಫೈಲರ್ ಹಾಕಿ ನೋಡದೆ ಏನನ್ನೂ ಬಿಗಿ ಮಾಡಬೇಡಿ. ಅದನ್ನೂ ನಿಮ್ಮ ಫೋನಿನಲ್ಲಿ ಬೇಡ, ಗುಮಾಸ್ತರ ಫೋನಿನಲ್ಲೇ, ವಾಟ್ಸಾಪ್ ಮತ್ತು ಕ್ಯಾಮೆರಾ ತೆರೆದಿಟ್ಟು ನೋಡಿ. ಮೆಮೊರಿ ಸಾಲದಾದಾಗ ಆಂಡ್ರಾಯ್ಡ್ ಹಿಂದಿರುವ ಆಪನ್ನು ಮುಚ್ಚುತ್ತದೆ. ಅರ್ಧ ತುಂಬಿದ ಚೀಟಿ ಉಳಿಯುತ್ತದಾ ಅಂತಲೂ ಆಗಲೇ ಗೊತ್ತಾಗುತ್ತದೆ.