ನೋಟ್‌ಬುಕ್ ತುಂಬ ಪದ, ಮೆಸೇಜ್ ಹಾಕಲು ಭಯ

ನನ್ನ ಬಳಿ ಸಲಹೆಗೆ ಬಂದ ಒಬ್ಬರ ಕಥೆ ಇದು. ಹೆಸರು, ಕೆಲಸದ ವಿವರ ಎಲ್ಲ ಬದಲಿಸಿದ್ದೇನೆ. ಇಲ್ಲಿ ಅವರನ್ನು ರೇಖಾ ಎನ್ನೋಣ. ವಯಸ್ಸು ಮೂವತ್ತೈದರ ಆಸುಪಾಸು. ಮಗು ಆದ ಮೇಲೆ ಕೆಲಸ ಬಿಟ್ಟಿದ್ದರು, ಕೆಲವು ವರ್ಷ ಕಳೆದು ಮತ್ತೆ ಆಫೀಸಿಗೆ ಸೇರಿದ್ದರು. "ನಿದ್ದೆ ಬರ್ತಿಲ್ಲ ಮೇಡಂ. ಬೆಳಗಾದ್ರೆ ಆಫೀಸ್ ಗ್ರೂಪ್ ತೆರೆಯೋಕೆ ಹೆದರಿಕೆ" ಎಂದರು.

ಕಾರಣ ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ದಿನ ತಡವಾಗಿತ್ತಂತೆ. ಮಗನನ್ನು ಸ್ಕೂಲಿಗೆ ಬಿಟ್ಟೆ, ಈಗ ಬರ್ತೀನಿ ಎಂದು ತಿಳಿಸಬೇಕಿತ್ತು. ಗ್ರೂಪಿನಲ್ಲಿ 'ಐ ಅಬ್ಯಾಂಡನ್ಡ್ ಮೈ ಸನ್ ಅಟ್ ಸ್ಕೂಲ್' ಎಂದು ಬರೆದರು. ನಗುವ ಇಮೋಜಿಗಳು ಸಾಲಾಗಿ ಬಂದವು. ಅವತ್ತಿನಿಂದ ಹೆಬ್ಬೆರಳಿನ ಗುರುತು ಬಿಟ್ಟರೆ ಅವರು ಅಲ್ಲಿ ಬೇರೇನೂ ಹಾಕಿಲ್ಲ.

ಶ್ರಮ ಕಡಿಮೆ ಇರಲಿಲ್ಲ. ದಪ್ಪ ನೋಟ್‌ಬುಕ್ ತಂದು ತೋರಿಸಿದರು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ, ಅದೂ ನಿಘಂಟಿನ ಕ್ರಮದಲ್ಲೇ. ಅಬ್ಯಾಂಡನ್ ಎದುರು 'ಬಿಡು, ತೊರೆ' ಎಂದಿತ್ತು. ಅರ್ಥವೇನೋ ಸರಿಯೇ. ಆದರೆ ಕನ್ನಡದ 'ಬಿಡು' ಎಷ್ಟೊಂದು ಕೆಲಸ ಮಾಡುತ್ತದೆ ನೋಡಿ. ಊರು ಬಿಡ್ತೀವಿ, ಸಿಗರೇಟು ಬಿಡ್ತೀವಿ, ಮಗನನ್ನು ಸ್ಕೂಲಿಗೆ ಬಿಡ್ತೀವಿ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಲೀವ್, ಎರಡನೆಯದಕ್ಕೆ ಕ್ವಿಟ್, ಮೂರನೆಯದಕ್ಕೆ ಡ್ರಾಪ್. ಅಬ್ಯಾಂಡನ್ ಅಂದರೆ ನೋಡಿಕೊಳ್ಳಬೇಕಾದವರೇ ಕೈಬಿಟ್ಟು ಹೋಗುವುದು. ಮುಳುಗುವ ಹಡಗನ್ನು ನಾವಿಕರು ಅಬ್ಯಾಂಡನ್ ಮಾಡಿದರು ಎಂಬಂಥ ಒಂದು ವಾಕ್ಯ ಪಕ್ಕದಲ್ಲಿದ್ದರೆ ಸಾಕಿತ್ತು, ಅವರಿಗೇ ಹೊಳೆಯುತ್ತಿತ್ತು.

ಇನ್ನೊಂದು ಪುಟದಲ್ಲಿ ಹೊಂದಿಕೊಳ್ಳು ಎಂಬರ್ಥದ ಅಡ್ಯಾಪ್ಟ್, ಅದರ ಕೆಳಗೇ ನಿಪುಣ ಎಂಬರ್ಥದ ಅಡೆಪ್ಟ್, ಅದರ ಕೆಳಗೆ ದತ್ತು ತೆಗೆದುಕೊಳ್ಳು ಎಂಬರ್ಥದ ಅಡಾಪ್ಟ್. ಒಂದೇ ಥರ ಕಾಣುವ ಪದಗಳನ್ನು ಒಟ್ಟಿಗೆ ಕಲಿತರೆ ಒಂದಕ್ಕೊಂದು ಸಿಕ್ಕುಬೀಳುತ್ತವೆ. ಅಕಾರಾದಿ ಕ್ರಮ ಹುಡುಕುವವರಿಗೆ ಅನುಕೂಲ, ಕಲಿಯುವವರಿಗಲ್ಲ.

ಭಯಕ್ಕೆ ಮಾತ್ರ ಸಲಹೆ ಕೊಟ್ಟು ಕಳಿಸುವುದು ನನಗೆ ಸರಿ ಕಾಣಲಿಲ್ಲ. ಕಲಿಯುವ ರೀತಿ ಹಾಗೇ ಉಳಿದರೆ ಮತ್ತೆ ಇಂಥದ್ದೇ ಆಗುತ್ತದೆ, ಅಲ್ವಾ? ಹಾಗಾಗಿ ಮೊದಲು ಹೇಳಿದ್ದು, ಹೊಸ ಪದ ಸದ್ಯಕ್ಕೆ ಸಾಕು. ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಕರು 1953ರಲ್ಲೇ ಕಲಿಯುವವರಿಗೆ ಬೇಕಾದ ಸುಮಾರು 2000 ಪದಗಳ ಪಟ್ಟಿ ಹೊರತಂದಿದ್ದರು. ಸಾಮಾನ್ಯ ಬರಹದ ಶೇಕಡಾ 80ರಷ್ಟು ಅಷ್ಟು ಪದಗಳಲ್ಲೇ ಮುಗಿಯುತ್ತದೆ. ರೇಖಾಗೆ ಅವುಗಳಲ್ಲಿ ಹೆಚ್ಚಿನವು ಓದಿದರೆ ಗೊತ್ತಾಗುತ್ತಿದ್ದವು, ಬರೆಯುವಾಗ ಮಾತ್ರ ಕೈಗೆ ಬರುತ್ತಿರಲಿಲ್ಲ. ಕೆಲಸ ಮಾಡಬೇಕಾದದ್ದು ಅಲ್ಲೇ.

ಇಂಥ ಗೊತ್ತಿರುವ ಪದಗಳಲ್ಲೇ ದಿನಕ್ಕೆ ಐದು ಸಾಕು ಎಂದೆ. "ಬರೀ ಐದಾ?" ಎಂದು ಮುಖ ಸಣ್ಣಗೆ ಮಾಡಿದರು. ಅವರಿಗೆ ಲೆಕ್ಕವೇ ಧೈರ್ಯ ಕೊಡುತ್ತಿತ್ತು, ಅದನ್ನು ಕಿತ್ತುಕೊಂಡಂತಾಯಿತು. ಒಪ್ಪಲು ಮುಂದಿನ ಭೇಟಿಯೇ ಬೇಕಾಯಿತು.

ವಿಧಾನ ಹೀಗೆ. ಒಂದು ಚೀಟಿಯಲ್ಲಿ ಪದ. ಹಿಂಬದಿಯಲ್ಲಿ ಅರ್ಥ, ಮತ್ತೆ ತಮ್ಮದೇ ದಿನದಿಂದ ತೆಗೆದ ಒಂದು ವಾಕ್ಯ. ಪದದ ಜೊತೆಗಾರರನ್ನೂ ಬರೆಯಬೇಕು. ಮಿಸ್ಟೇಕ್ ಜೊತೆ ಮೇಕ್ ಬರುತ್ತದೆ, ಹೋಮ್‌ವರ್ಕ್ ಜೊತೆ ಡೂ. ಯಾಕೆ ಎಂದು ಕೇಳಿ ಪ್ರಯೋಜನವಿಲ್ಲ, ರೂಢಿ ಹಾಗೆ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟುಗಳು ಎರಡು ಮೂರು ಸಾವಿರ ಸುಲಭ ಪದಗಳಲ್ಲೇ ಅರ್ಥ ಹೇಳುತ್ತವೆ, ಉದಾಹರಣೆಯನ್ನೂ ಕೊಡುತ್ತವೆ. ಅಂಥದ್ದನ್ನು ನೋಡಿ ವಾಕ್ಯ ಕಟ್ಟಲು ಹೇಳಿದೆ. ಕನ್ನಡ ಅರ್ಥ ಬೇಡ ಎಂದೇನೂ ಹೇಳಲಿಲ್ಲ. ಅದು ಬೇಗ ದಾರಿ ತೋರಿಸುತ್ತದೆ, ಸುಮ್ನೆ ಯಾಕೆ ಬಿಡಬೇಕು?

ಚೀಟಿಯನ್ನು ಮತ್ತೆ ಮತ್ತೆ ಓದುವುದಲ್ಲ. ಅರ್ಥ ಮುಚ್ಚಿಟ್ಟು ನೆನಪಿಸಿಕೊಳ್ಳಬೇಕು. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿ 1885ರಲ್ಲಿ ತೋರಿಸಿದ್ದರು: ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿದರೆ ಒಂದೇ ದಿನದಲ್ಲಿ ಬಹುಪಾಲು ಹೋಗಿಬಿಡುತ್ತದೆ. ಇದನ್ನು ಹೇಳಿದಾಗ ರೇಖಾಗೆ ನಿರಾಳವಾಯಿತು. ಮರೆಯುವುದು ತಮ್ಮೊಬ್ಬರ ದಡ್ಡತನ ಎಂದುಕೊಂಡಿದ್ದರು.

ಇನ್ನು ಗ್ರೂಪಿನ ವಿಷಯ. ನಕ್ಕವರಲ್ಲಿ ಯಾರ ಮೇಲೆ ನಂಬಿಕೆ ಇದೆ ಎಂದು ಕೇಳಿದೆ. ಒಬ್ಬ ಸಹೋದ್ಯೋಗಿಯ ಹೆಸರು ಹೇಳಿದರು. ಅವರ ಬಳಿ ನೇರವಾಗಿ ಮಾತಾಡಿ ಎಂದೆ. ಮಾತಾಡಿದರು. ಅವರಿಗೆ ಆ ಮೆಸೇಜು ನೆನಪೇ ಇರಲಿಲ್ಲವಂತೆ. ಆಮೇಲೆ ದಿನಕ್ಕೊಂದು ಸಣ್ಣ ಮೆಸೇಜ್, ಆ ವಾರದ ಚೀಟಿಯ ಒಂದು ಪದ ಬಳಸಿ, ಎಂದು ನಿಗದಿ ಮಾಡಿಕೊಂಡೆವು.

ನಿದ್ದೆ ಈಗ ಸರಿಯಾಗಿದೆ. ಮೆಸೇಜ್ ಬರೆಯುತ್ತಿದ್ದಾರೆ, ಬೇರೆಯವರು ಬಳಸಿದ ಒಳ್ಳೆಯ ವಾಕ್ಯ ಕಂಡರೆ ಎತ್ತಿಟ್ಟುಕೊಳ್ಳುತ್ತಾರೆ. ಫೋನಿನಲ್ಲಿ ಇಂಗ್ಲಿಷ್ ಮಾತು ಬಂದರೆ ಮಾತ್ರ ಇನ್ನೂ ತಡವರಿಸುತ್ತಾರೆ. ಅದಕ್ಕೆ ಚೀಟಿ ಸಾಲದು, ಕಿವಿಗೂ ಅಭ್ಯಾಸ ಬೇಕು. ಬರೆದ ವಾಕ್ಯಗಳನ್ನೇ ಗಟ್ಟಿಯಾಗಿ ಹೇಳಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಲು ತಿಳಿಸಿದ್ದೇನೆ. ಸದ್ಯ ಅದು ನಡೆಯುತ್ತಿದೆ.