ಬಿಚ್ಚಿ ತೊಳೆಯುವ ಶೇವಿಂಗ್ ಬ್ರಷ್: ಸಾಗರದ ಸರ್ ಕೇಳಿದ್ದಕ್ಕೆ ಉತ್ತರ

ಸರ್, ನಿಮ್ಮ ಪ್ರಶ್ನೆ ಓದಿದೆ. ಮಳೆಗಾಲದಲ್ಲಿ ಬ್ರಷ್ಷಿನ ಬುಡಕ್ಕೆ ಬೂಷ್ಟು ಹಿಡಿದು ವಾಸನೆ ಬಂತು, ಎರಡು ಬ್ರಷ್ ಬಿಸಾಕಿದ್ದಾಯಿತು ಅಂದಿರಿ. ಈಗ ಕೂದಲು, ಹಿತ್ತಾಳೆ ಬಳೆ, ಮರದ ಹಿಡಿ ಅಂತ ಮೂರು ತುಂಡಾಗಿ ಬಿಚ್ಚುವ ಬ್ರಷ್ ನೀವೇ ಮಾಡಬೇಕು, ಮೂರಕ್ಕೂ ಥ್ರೆಡ್ (ತಿರುಗಿಸಿ ಬಿಗಿಯುವ ತಿರುಪಿನ ಹಲ್ಲು) ಹಾಕಿಸಬೇಕು ಅಂತ ಯೋಚನೆ. ಕೂದಲನ್ನೂ ಮನೆಯಲ್ಲೇ ಕಟ್ಟಬಹುದಾ ಅಂತ ಕೇಳಿದ್ದೀರಿ. ನಾನು ಕೋಲಾರದ ಕಡೆಯವನು, ಮರಗೆಲಸ ನನಗೆ ಭಾನುವಾರದ ಹುಚ್ಚು. ಇಂಥ ಬ್ರಷ್ ನಾಲ್ಕು ಮಾಡಿದ್ದೇನೆ, ಅದರಲ್ಲಿ ಮೂರು ಕೆಟ್ಟಿವೆ. ಹಾಗಾಗಿ ಉದ್ದ ಬರೆಯುವಷ್ಟು ಸಾಮಗ್ರಿ ಇದೆ.

ಮೊದಲು ಒಂದು ಪರೀಕ್ಷೆ ಮಾಡಿ. ಈಗ ಬಳಸುತ್ತಿರುವ ಬ್ರಷ್ಷನ್ನು ಕಿವಿ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿ. ಅಗ್ಗದ ಪ್ಲಾಸ್ಟಿಕ್ ಹಿಡಿಗಳ ಒಳಗೆ ಬಹಳ ಸಲ ಟೊಳ್ಳು ಇರುತ್ತದೆ. ಕೂದಲಿನ ಬುಡದ ಸಂದಿನಿಂದ ನೀರು ಒಳಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ಸದ್ದು ಕೇಳದಿದ್ದರೆ ಅಡುಗೆಮನೆಯ ತಕ್ಕಡಿ ತನ್ನಿ. ಶೇವ್ ಮಾಡಿ ಕೊಡವಿದ ಮೇಲೆ ಒಂದು ತೂಕ, ಎರಡು ದಿನ ಬಳಸದೆ ಇಟ್ಟು ಇನ್ನೊಂದು ತೂಕ, ಆಮೇಲೆ ವಾರವಿಡೀ ಗಾಳಿಯಲ್ಲಿಟ್ಟು ಮತ್ತೊಂದು. ಎರಡನೆಯದಕ್ಕೂ ಮೂರನೆಯದಕ್ಕೂ ನಾಲ್ಕೈದು ಗ್ರಾಂ ವ್ಯತ್ಯಾಸ ಬಂದರೆ ನೀರು ಹಿಡಿಯೊಳಗೆ ಇದೆ ಅಂತ ಅರ್ಥ. ವ್ಯತ್ಯಾಸವೇ ಇಲ್ಲ, ಆದರೂ ವಾಸನೆ ಇದೆ ಅಂದರೆ ತೊಂದರೆ ಕೂದಲಿನೊಳಗೇ ಇದೆ. ಇವೆರಡಕ್ಕೂ ಮದ್ದು ಬೇರೆ ಬೇರೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಬ್ರಷ್ ಬಿಚ್ಚಿದರೆ ಎಲ್ಲಾ ಕೊಳೆ ಹೋಗುತ್ತದೆ ಅಂತ ನಾನೂ ನಂಬಿದ್ದೆ. ಹಾಗಾಗಲ್ಲ. ಕೂದಲಿನ ಗೊಂಚಲಿಗೆ ಬುಡದಲ್ಲಿ ಒಂದು ಗಟ್ಟಿ ಅಂಟಿನ ಬಿರಡೆ ಇರುತ್ತದೆ. ಸೋಪಿನ ಕೊಳೆ ಕೂರುವುದು ಆ ಬಿರಡೆಯ ಮೇಲಿನ ಅರ್ಧ ಇಂಚಿನಲ್ಲಿ, ಕೂದಲುಗಳ ನಡುವೆ. ಹಿಡಿಯಿಂದ ಗೊಂಚಲು ಬೇರೆ ಮಾಡಿದರೂ ಆ ಜಾಗ ತೆರೆದುಕೊಳ್ಳುವುದಿಲ್ಲ. ಬಿಚ್ಚುವುದರಿಂದ ನಿಜವಾಗಿ ಸಿಗುವ ಲಾಭ ಮೂರು. ಸಂದಿಯಲ್ಲಿ ನಿಂತ ನೀರು ಒಣಗುತ್ತದೆ. ಹಿಡಿಯ ಬಣ್ಣ, ಮರ ಯಾವುದಕ್ಕೂ ಭಯಪಡದೆ ಗೊಂಚಲನ್ನು ಮಾತ್ರ ನೆನೆಹಾಕಬಹುದು. ಕೂದಲು ಸವೆದಾಗ ಹಿಡಿ ಉಳಿಯುತ್ತದೆ. ಅಷ್ಟೇ. ಅದರ ಜೊತೆ ಒಂದು ನಷ್ಟವೂ ಇದೆ: ಹೊಸ ಜೋಡಣೆ ಅಂದರೆ ಕೊಳೆ ಕೂರುವುದಕ್ಕೆ ಹೊಸ ಸಂದಿ. ಅಂಟಿಸಿದ ಬ್ರಷ್ಷಿಗೆ ಒಂದೇ ಸಂದಿ, ನಿಮ್ಮ ಮೂರು ತುಂಡಿನ ಬ್ರಷ್ಷಿಗೆ ಕನಿಷ್ಠ ಮೂರು. ಅದಕ್ಕೇ ಹೇಳುತ್ತೇನೆ, ಎರಡೇ ತುಂಡು ಮಾಡಿ. ಬಳೆಯನ್ನು ಮರೆತುಬಿಡಿ.

ಇನ್ನು ಥ್ರೆಡ್ ವಿಷಯ. ನನ್ನ ಮೊದಲ ಬ್ರಷ್ಷಿಗೆ ಹಿತ್ತಾಳೆಯಲ್ಲಿ ಸಣ್ಣ ಹಲ್ಲಿನ ಥ್ರೆಡ್ ಹಾಕಿಸಿದ್ದೆ. ನೋಡೋದಕ್ಕೆ ಬಂಗಾರದ ಹಾಗಿತ್ತು. ನಮ್ಮ ಬೋರ್‌ವೆಲ್ ನೀರು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಬಿಳಿ ಜಿಗುಟಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕಟ್ಟುತ್ತದಲ್ಲ, ಅದೇ. ಆ ಜಿಗುಟು ಥ್ರೆಡ್ಡಿನ ಹಲ್ಲುಗಳಲ್ಲಿ ಸೇರಿ ಗಟ್ಟಿಯಾಯಿತು. ಒಂದೂವರೆ ತಿಂಗಳಿಗೆ ಬ್ರಷ್ ಬಿಚ್ಚಲಿಲ್ಲ. ಇಕ್ಕಳ ಹಾಕಿ ತಿರುಗಿಸಿದೆ, ಹಿಡಿ ಬಿರುಕು ಬಿಟ್ಟಿತು. ಬಿಚ್ಚಿ ತೊಳೆಯುವುದಕ್ಕೆ ಅಂತ ಹಾಕಿದ ಥ್ರೆಡ್ಡನ್ನೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಾ ಕೂರಬೇಕಾದರೆ ಸುಖ ಏನು ಬಂತು? ಥ್ರೆಡ್ಡೇ ಬೇಕು ಅಂದರೆ ಬಾಟಲಿ ಮುಚ್ಚಳದ ತರಹದ್ದು ಹಾಕಿಸಿ: ದೊಡ್ಡ ಹಲ್ಲು, ದುಂಡು ಅಂಚು, ಒಂದೂವರೆ ಸುತ್ತಿಗೆ ಬಿಚ್ಚಬೇಕು. ಪ್ರಯೋಗಕ್ಕೆ ಸೋಡಾ ಬಾಟಲಿಯ ಕುತ್ತಿಗೆಯನ್ನೇ ಕತ್ತರಿಸಿ ನೋಡಬಹುದು. ಸಾಮಾನ್ಯವಾಗಿ ಅದರ ಒಳವ್ಯಾಸ ಸುಮಾರು 21.7 ಮಿ.ಮೀ., ಸಣ್ಣ ಗೊಂಚಲು ಸರಿಯಾಗಿ ಕೂರುತ್ತದೆ. ಆದರೆ ಆ ಪ್ಲಾಸ್ಟಿಕ್ ಕುದಿಯುವ ನೀರಿಗೆ ಸೊಟ್ಟಗಾಗುತ್ತದೆ.

ಎರಡನೆಯದಕ್ಕೆ ಮ್ಯಾಗ್ನೆಟ್ ಹಾಕಿದೆ. ಮೇಲಿನ ನಿಕ್ಕಲ್ ಲೇಪ ಎಲ್ಲೋ ತರಚಿತ್ತು, ಒಳಗಿಂದ ತುಕ್ಕು ಉಬ್ಬಿತು. ಅದರ ಕಥೆ ಅಲ್ಲಿಗೆ ಮುಗಿಯಿತು.

ಈಗ ಓಡುತ್ತಿರುವ ನಾಲ್ಕನೆಯದರಲ್ಲಿ ಥ್ರೆಡ್ಡೇ ಇಲ್ಲ. ಓ-ರಿಂಗ್, ಅಂದರೆ ದುಂಡನೆಯ ಸಣ್ಣ ರಬ್ಬರ್ ಬಳೆಯ ಹಿಡಿತ ಅಷ್ಟೇ. ಎಳೆದರೆ ಬರುತ್ತದೆ, ಒತ್ತಿದರೆ ಕೂರುತ್ತದೆ. ಹೇಗೆ ಅಂತ ಹೇಳುತ್ತೇನೆ.

ಗೊಂಚಲನ್ನು ಒಂದು ಬಟ್ಟಲಿಗೆ ಅಂಟಿಸುತ್ತೇವೆ. ಆ ಬಟ್ಟಲಿನ ಅಡಿಯಲ್ಲಿ ಒಂದು ಗೂಟ. ಗೂಟ ಹೋಗಿ ಹಿಡಿಯೊಳಗಿನ ಕೊಳವೆಯಲ್ಲಿ ಕೂರುತ್ತದೆ. ಬಟ್ಟಲು, ಗೂಟ ಎರಡೂ ಸೇರಿ ಒಂದೇ ತುಂಡು, ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ರಾಡಿನಲ್ಲಿ ಕಡೆಸಿದ್ದು. ಬೆಂಗಳೂರಿನ ಎಸ್.ಪಿ. ರಸ್ತೆ ಕಡೆ ರಾಡ್ ತುಂಡು ಸಿಗುತ್ತದೆ. ನಿಮ್ಮೂರಿನ ಯಾವುದೇ ಲೇತ್ ಅಂಗಡಿಯಲ್ಲಿ ಕಡೆದುಕೊಡುತ್ತಾರೆ. ಅಲ್ಯೂಮಿನಿಯಂ ಮಾತ್ರ ಬೇಡ. ಶೇವಿಂಗ್ ಸೋಪು ಕ್ಷಾರ, ಅದು ಅಲ್ಯೂಮಿನಿಯಂ ಅನ್ನು ನಿಧಾನಕ್ಕೆ ತಿನ್ನುತ್ತದೆ.

ಹಿಡಿಯೊಳಗಿನ ಕೊಳವೆಗೆ ನಾನು ಬಳಸಿದ್ದು ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು. ಮನೆ ಕಟ್ಟುವಾಗ ಬಿಸಿನೀರಿನ ಲೈನಿಗೆ ಹಾಕುತ್ತಾರಲ್ಲ, ಕೆನೆ ಬಣ್ಣದ್ದು, ಅದೇ. ಹೊರವ್ಯಾಸ 22.2 ಮಿ.ಮೀ., ಒಳವ್ಯಾಸ ಸುಮಾರು 18. ಬಿಸಿನೀರಿಗೆ ಬಗ್ಗಲ್ಲ, ಒಳಗೆ ನುಣುಪು, ಪ್ಲಂಬರ್ ಹತ್ತಿರ ಗೇಣುದ್ದದ ತುಂಡು ಪುಕ್ಕಟೆ ಸಿಗುತ್ತದೆ. ಮರಕ್ಕೇ ತೂತು ಕೊರೆದು ಗೂಟ ಹಾಕಬಾರದಾ ಅಂತ ಕೇಳಬಹುದು. ಬೇಡ. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜುಲೈನಲ್ಲಿ ಬಿಗಿ, ಏಪ್ರಿಲ್‌ನಲ್ಲಿ ಲೊಡಲೊಡ. ಸಾಗರದ ಮಳೆಗೆ ಕೇಳಲೇಬೇಡಿ. ಪೈಪಿಗಾಗಿ ಮರಕ್ಕೆ 22 ಮಿ.ಮೀ. ಡ್ರಿಲ್ ಬಿಟ್ ಹಾಕಿ ಕೊರೆದು, ಮರಳು ಕಾಗದದಿಂದ ತುಸು ಬಿಡಿಸಿ, ಪೈಪಿನ ಹೊರಮೈ ಉಜ್ಜಿ ಎಪಾಕ್ಸಿ ಅಂಟಿನಲ್ಲಿ ಕೂರಿಸಿ. ತೇಗವಾದರೆ ಅದರಲ್ಲಿ ಎಣ್ಣೆಯಂಶ ಇರುತ್ತದೆ, ಅಂಟು ಹಾಕುವ ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿ.

ಅಳತೆ: ಪೈಪಿನ ಒಳವ್ಯಾಸ ಸರಿಯಾಗಿ 18.0 ಇದೆ ಅಂದುಕೊಳ್ಳಿ. ಗೂಟ 17.7 ಇರಲಿ. ಓ-ರಿಂಗ್ 14 ಮಿ.ಮೀ. ಒಳವ್ಯಾಸ, 2 ಮಿ.ಮೀ. ದಪ್ಪದ್ದು. ಅದು ಕೂರುವ ಗ್ರೂವಿನ (ಗೂಟದ ಸುತ್ತ ಕಡೆದ ಕಾಲುವೆಯಂಥ ಗೆರೆಯ) ತಳದ ವ್ಯಾಸ 14.5, ಅಗಲ 2.7. ಆಗ ರಿಂಗ್ ತನ್ನ ದಪ್ಪದಲ್ಲಿ ನೂರಕ್ಕೆ ಹನ್ನೆರಡರಷ್ಟು ಅಮುಕಿಕೊಳ್ಳುತ್ತದೆ. ಪಂಪಿನಲ್ಲಿ ಇದಕ್ಕಿಂತ ಬಿಗಿ ಇಡುತ್ತಾರೆ, ಆದರೆ ಸೋಪು ಹತ್ತಿದ ಕೈಯಿಂದ ಎಳೆಯುವುದಕ್ಕೆ ಇಷ್ಟೇ ಸರಿ. ಪೈಪು ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಇರುತ್ತದೆ. ಆದ್ದರಿಂದ ಮೊದಲು ಪೈಪು ಕೊಂಡು ವರ್ನಿಯರ್‌ನಲ್ಲಿ ಅಳೆಯಿರಿ, ಆಮೇಲೆ ಗೂಟ ಕಡೆಸಿ. ಗೊಂಚಲಿಗೂ ಇದೇ ಮಾತು. 24 ಮಿ.ಮೀ. ಅಂತ ಮಾರುವುದು ಕೆಲವೊಮ್ಮೆ 24.4 ಇರುತ್ತದೆ.

ನನ್ನ ಮೂರನೆಯ ಬ್ರಷ್ ಕೆಟ್ಟಿದ್ದು ಗ್ರೂವಿನ ಜಾಗದಿಂದ. ಬಟ್ಟಲಿನ ಗೋಡೆಯ ಮೇಲೇ ಗ್ರೂವ್ ಹಾಕಿಸಿದ್ದೆ. ಒಳಗಡೆ ಗೊಂಚಲಿನ ತೂತು, ಹೊರಗಡೆ ಗ್ರೂವ್, ನಡುವೆ ಉಳಿದದ್ದು ಕಾಗದದಷ್ಟು. ಎರಡನೇ ದಿನವೇ ಪಟ್ ಅಂತು. ಲೇತ್‌ನವರು ಮೊದಲೇ ಹೇಳಿದ್ದರು, ನಾನೇ ಕೇಳಲಿಲ್ಲ. ಗ್ರೂವ್ ಯಾವಾಗಲೂ ಕೆಳಗಿನ ಗಟ್ಟಿ ಗೂಟದಲ್ಲಿರಲಿ. ಬಟ್ಟಲು 30 ಮಿ.ಮೀ. ಅಗಲ, 11 ಆಳ. ಅದರ ತಳ 3 ಮಿ.ಮೀ. ದಪ್ಪ, ಅದರ ಕೆಳಗೆ 16 ಮಿ.ಮೀ. ಉದ್ದದ ಗೂಟ. ಅದರಲ್ಲಿ ಎರಡು ರಿಂಗ್, ನಡುವೆ ಆರು ಮಿ.ಮೀ. ಅಂತರ. ಒಂದೇ ರಿಂಗ್ ಹಾಕಿದರೆ ಬ್ರಷ್ ಸಡಿಲ ಹಲ್ಲಿನ ಹಾಗೆ ಆಡುತ್ತದೆ.

ಇನ್ನೆರಡು ಸಣ್ಣ ವಿಷಯ, ಆದರೆ ಇವಿಲ್ಲದೆ ಕೆಲಸ ಕೆಡುತ್ತದೆ. ಕೊಳವೆಯ ತಳ ಮುಚ್ಚಿದ್ದರೆ ಸೈಕಲ್ ಪಂಪಿನ ಹಾಗೆ ಒಳಗಿನ ಗಾಳಿ ಗೂಟವನ್ನು ವಾಪಸ್ ತಳ್ಳುತ್ತದೆ. ಹಿಡಿಯ ಅಡಿಯಿಂದ 3 ಮಿ.ಮೀ. ತೂತು ಕೊರೆಯಿರಿ. ಗಾಳಿಯೂ ಹೋಗುತ್ತದೆ, ತಪ್ಪಿ ಇಳಿದ ನೀರೂ ಹೋಗುತ್ತದೆ. ತೂತಿನ ಒಳಗೋಡೆಗೆ ಎರಡು ಹನಿ ಎಪಾಕ್ಸಿ ಸವರಿ, ಇಲ್ಲದಿದ್ದರೆ ಮರ ಅಲ್ಲಿಂದ ನೀರು ಹೀರುತ್ತದೆ. ಎರಡನೆಯದು, ಮುಖದ ಮೇಲೆ ಬ್ರಷ್ ಸುತ್ತಿಸುವಾಗ ಗೊಂಚಲು ಹಿಡಿಯೊಳಗೆ ಗಿರಗಿರ ತಿರುಗುತ್ತದೆ. ಅದಕ್ಕೆ ಬಟ್ಟಲಿನ ಅಡಿಗೆ 2 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲಿನ ಸೈಕಲ್ ಕಡ್ಡಿಯ ತುಂಡೊಂದನ್ನು ನೆಟ್ಟು, ಹಿಡಿಯ ಮೇಲಂಚಿನಲ್ಲಿ ಅದಕ್ಕೊಂದು ಕಚ್ಚು ಕೊಡಿ. ಬಟ್ಟಲಿನ ಅಂಚು ಹಿಡಿಗಿಂತ ಒಂದು ಮಿ.ಮೀ. ಆಚೆ ಚಾಚಿರಲಿ. ಮನೆಯ ಸೂರಿನ ಹಾಗೆ, ನೀರು ಸಂದಿಗೆ ಇಳಿಯದೆ ಹೊರಗೆ ತೊಟ್ಟಿಕ್ಕುತ್ತದೆ.

ಡೆಲ್ರಿನ್‌ಗೆ ಅಂಟು ಹಿಡಿಯುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತಾಗುವುದು ಗೊಂಚಲು ಸಿಂಕಿಗೆ ಬಿದ್ದ ಮೇಲೆ. ಬಟ್ಟಲಿನ ಒಳಗೋಡೆಯಲ್ಲಿ ಎರಡು ಆಳವಾದ ಗೆರೆ ಕಡೆಸಿ. ಎಪಾಕ್ಸಿ ಆ ಗೆರೆಗಳೊಳಗೆ ಹರಿದು ಗಟ್ಟಿಯಾದರೆ ಬೀಗ ಹಾಕಿದ ಹಾಗೆ. ಐದು ನಿಮಿಷದ ಅಂಟು ಬೇಡ, ರಾತ್ರಿಯಿಡೀ ಗಟ್ಟಿಯಾಗುವುದು ನೀರಿಗೆ ಹೆಚ್ಚು ತಡೆಯುತ್ತದೆ. ಗೊಂಚಲನ್ನು ಜಾಸ್ತಿ ಆಳಕ್ಕೆ ಇಳಿಸಬೇಡಿ. ಆಳಕ್ಕೆ ಇಳಿದರೆ ಬ್ರಷ್ ಬಿರುಸಾಗುತ್ತದೆ ಅಂತ ಕೆಲವರಿಗೆ ಇಷ್ಟ, ಆದರೆ ಬಟ್ಟಲಿನ ಅಂಚು ಕೂದಲಿನ ಬುಡವನ್ನು ಹಿಸುಕಿ ಸೋಪು ಅಲ್ಲೇ ಉಳಿಯುತ್ತದೆ. ಬಿರಡೆಯ ಮೇಲ್ಭಾಗ ಅಂಚಿನ ಸಮಕ್ಕೆ ಬಂದರೆ ಸಾಕು.

ಹಿಡಿಗೆ ಚನ್ನಪಟ್ಟಣದ ಅರಗಿನ ಬಣ್ಣ ಹಾಕಿಸುವ ಆಸೆ ಅಂತ ಬರೆದಿದ್ದೀರಿ. ನನಗೂ ಇತ್ತು. ಮೊದಲ ಬ್ರಷ್ಷಿಗೆ ಆಲೆ ಮರದ ಹಿಡಿ, ಕೆಂಪು, ಹಳದಿ ಪಟ್ಟೆ, ಕಣ್ಣು ಕೋರೈಸುತ್ತಿತ್ತು. ಎರಡು ವಾರಕ್ಕೆ ಮಂಕಾಗಿ ಬಿಳಿಚಿಕೊಂಡಿತು. ಅದು ಕೆಲಸಗಾರರ ತಪ್ಪಲ್ಲ. ಅರಗು ಕ್ಷಾರದಲ್ಲಿ ಕರಗುವ ವಸ್ತು, ಬಿಸಿಗೂ ಮೆತ್ತಗಾಗುತ್ತದೆ. ಲೇತಿನ ಮೇಲೆ ಅದನ್ನು ಹಚ್ಚುವುದೇ ತಿಕ್ಕಾಟದ ಬಿಸಿಯಿಂದ. ಸೋಪು ನೀರು, ಬಿಸಿನೀರು ಎರಡೂ ಅದಕ್ಕೆ ಶತ್ರು. ಗೊಂಚಲು ಬೇರೆಯಾಗಿ ಬರುತ್ತದೆ ಅಂದರೂ ಶೇವ್ ಮಾಡುವಾಗ ಒದ್ದೆ ಕೈ ಹಿಡಿಯನ್ನೇ ಹಿಡಿದಿರುತ್ತದಲ್ವಾ? ಅರಗು ಬೇಕೇ ಬೇಕು ಅಂದರೆ ಬ್ರಷ್ ನಿಲ್ಲಿಸುವ ಸ್ಟ್ಯಾಂಡಿಗೆ ಹಾಕಿಸಿ. ಹಿಡಿಗೆ ತೇಗದ ಮೇಲೆ ಪಿಯು (ಪಾಲಿಯುರೆಥೇನ್) ವಾರ್ನಿಷ್ ನಾಲ್ಕು ಕೋಟ್.

ಕೂದಲು ಮನೆಯಲ್ಲಿ ಕಟ್ಟುವುದು ಬೇಡ ಸರ್. ಕುದುರೆ ಬಾಲ, ದನದ ಬಾಲ ಯಾವುದೂ ಬೇಡ. ಸುಮ್ನೆ ಹೆದರಿಸುತ್ತಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಅಗ್ಗದ ಶೇವಿಂಗ್ ಬ್ರಷ್ಷಿನಿಂದ ಬ್ರಿಟನ್, ಅಮೆರಿಕದ ಸೈನಿಕರಿಗೆ ಆಂಥ್ರಾಕ್ಸ್ ತಗುಲಿತ್ತು. ನಮ್ಮ ದನಗಳಿಗೆ ಬರುವ ನೆರಡಿ ರೋಗ ಅದೇ. ಅದರ ಬೀಜಾಣು ಕೂದಲಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಬಿಸಿನೀರಲ್ಲಿ ಅದ್ದಿ ತೆಗೆದರೆ ಸಾಯುವುದಿಲ್ಲ. ಶೇವ್ ಮಾಡುವಾಗ ಮುಖದಲ್ಲಿ ಸಣ್ಣ ಗಾಯ ಇದ್ದೇ ಇರುತ್ತದೆ. ಸಂತೆಯಲ್ಲಿ ಸಿಗುವ ತುಂಬಾ ಹಳೆಯ ಬ್ರಷ್ಷನ್ನೂ ಅದಕ್ಕೇ ನಾನು ಶೋಕೇಸಿಗೆ ಮಾತ್ರ ತರುತ್ತೇನೆ. ಆನ್‌ಲೈನಿನಲ್ಲಿ ಶೇವಿಂಗ್ ಬ್ರಷ್ ನಾಟ್ (knot) ಅಂತ ಹುಡುಕಿದರೆ ಸಿಂಥೆಟಿಕ್ ಗೊಂಚಲು ಬಿಡಿಯಾಗಿ ಸಿಗುತ್ತದೆ. 24 ಮಿ.ಮೀ. ದಪ್ಪ, ಐವತ್ತರ ಆಸುಪಾಸು ಎತ್ತರ ತೆಗೆದುಕೊಳ್ಳಿ. ಹಂದಿ ಕೂದಲಿನ ಹಾಗೆ ನೀರು ಕುಡಿಯುವುದಿಲ್ಲ, ಬೇಗ ಒಣಗುತ್ತದೆ. ನಿಮ್ಮ ಮಳೆಗೆ ಅರ್ಧ ಪರಿಹಾರ ಅಲ್ಲೇ ಇದೆ.

ತೊಳೆಯುವುದು ಹೇಗೆ ಅಂದರೆ, ದಿನಾ ಬಿಚ್ಚಬೇಕಾಗಿಲ್ಲ. ಶೇವ್ ಆದ ಮೇಲೆ ನಲ್ಲಿ ಕೆಳಗೆ ಹಿಡಿದು, ಬುಡವನ್ನು ಬೆರಳಲ್ಲಿ ಹಿಸುಕಿ, ನೀರು ತಿಳಿಯಾದ ಮೇಲೆ ಕೊಡವಿ. ಮಳೆಗಾಲದಲ್ಲಿ ಮಾತ್ರ ಪ್ರತಿದಿನ ಎಳೆದು, ಗೊಂಚಲು ಬೇರೆ, ಹಿಡಿ ಬೇರೆ ಇಡಿ, ಬಚ್ಚಲಿನಲ್ಲಲ್ಲ, ಒಲೆಮನೆ ಕಡೆ ಎಲ್ಲಾದರೂ. ನಮ್ಮ ಕಡೆಯ ಗಡಸು ನೀರಿನವರು ತಿಂಗಳಿಗೊಮ್ಮೆ ಒಂದು ಪಾಲು ಬಿಳಿ ವಿನೆಗರ್, ಐದು ಪಾಲು ಉಗುರು ಬೆಚ್ಚನೆ ನೀರಿನಲ್ಲಿ ಗೊಂಚಲನ್ನು ಐದು ನಿಮಿಷ ಅದ್ದಿಟ್ಟು, ಶಾಂಪೂ ಹಾಕಿ ತೊಳೆಯಬೇಕು. ನಿಮ್ಮದು ಹಳ್ಳದ ಮೆದು ನೀರು, ವರ್ಷಕ್ಕೆ ಎರಡು ಸಲ ಸಾಕಾದೀತು. ಯಾವುದಕ್ಕೂ ಕುದಿಯುವ ನೀರು ಹಾಕಬೇಡಿ, ಬಿರಡೆಯ ಅಂಟು ಸಡಿಲವಾಗಿ ಕೂದಲು ಉದುರುತ್ತದೆ. ಓ-ರಿಂಗ್‌ಗೆ ಗ್ರೀಸ್ ಬೇಡ, ಸೋಪಿನ ನೀರಲ್ಲೇ ಜಾರುತ್ತದೆ. ಸಡಿಲ ಅನ್ನಿಸಿದ ದಿನ ಪಂಪ್ ರಿಪೇರಿ ಅಂಗಡಿಯಿಂದ ಹೊಸದು ತಂದು ಹಾಕಿ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ತ್ರೀಡಿ ಪ್ರಿಂಟ್ ಮಾಡಿಸಿ ಅಂತ ಹೇಳಿದ್ದಾರೆ. ಅಳತೆ ಸರಿಯಿದೆಯಾ ನೋಡುವುದಕ್ಕೆ ಒಳ್ಳೆಯದು. ಬಳಸುವುದಕ್ಕಲ್ಲ. ಪದರ ಪದರದ ಗೆರೆಗಳಲ್ಲಿ ಸೋಪು ಕೂರುತ್ತದೆ, ಆ ಪ್ರಿಂಟಿಗೆ ಬಳಸುವ ಸಾಮಾನ್ಯ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ.

ಮೊದಲು ತಕ್ಕಡಿ ಪರೀಕ್ಷೆ ಮಾಡಿ ಏನು ಬಂತು ಹೇಳಿ. ಹಿಡಿಯೊಳಗೆ ನೀರಿಲ್ಲ ಅಂದರೆ ಸಿಂಥೆಟಿಕ್ ಗೊಂಚಲಿನ ಮಾಮೂಲಿ ಬ್ರಷ್ ಒಂದನ್ನು ಕೊಂಡು ಈ ಮಳೆಗಾಲ ನೋಡಿ, ಲೇತ್ ಖರ್ಚು ಉಳಿಯಿತು. ನೀರಿದೆ ಅಂದರೆ, ಅಥವಾ ನೀರಿಲ್ಲದಿದ್ದರೂ ಮಾಡಿಯೇ ತೀರುವ ಹುಚ್ಚಿದ್ದರೆ, ಪೈಪಿನ ಒಳವ್ಯಾಸ, ಗೊಂಚಲಿನ ಬಿರಡೆಯ ವ್ಯಾಸ ಮತ್ತು ಎತ್ತರ ಇಷ್ಟು ಅಳೆದು ಇಲ್ಲೇ ಹಾಕಿ. ಲೇತ್‌ನವರಿಗೆ ಕೊಡುವ ಚಿತ್ರ ಕೈಯಲ್ಲೇ ಬರೆದು ಫೋಟೋ ಕಳಿಸುತ್ತೇನೆ.