ಕಮ್ಮಾರರು ಕಾದ ಕಬ್ಬಿಣವನ್ನಿಟ್ಟು ಬಡಿಯುವ ಹಳೆಯ ಅಡಿಗಲ್ಲು (anvil) ಕೊಳ್ಳುವಾಗ ಅದು ಒಳ್ಳೆಯದೆಂದು ತಿಳಿಯುವುದು ಹೇಗೆ?

ಒಂದು ಬೇರಿಂಗ್ ಗುಂಡು ಸಾಕು. ಅಡಿಗಲ್ಲಿನ ಮೇಲ್ಮೈಗೆ ಅದನ್ನು 10 ಇಂಚು ಎತ್ತರದಿಂದ ಬಿಡಿ. 7-8 ಇಂಚು ಪುಟಿದರೆ ಧೈರ್ಯವಾಗಿ ಕೊಳ್ಳಿ. 3-4 ಇಂಚಿಗೇ ಸೋತರೆ ಬಿಟ್ಟುಬಿಡಿ.

ಕಾರಣವಿಷ್ಟೇ: ಗಟ್ಟಿ ಉಕ್ಕು ತಗ್ಗು ಬೀಳದೆ ಪೆಟ್ಟನ್ನು ಹಿಂದಿರುಗಿಸುತ್ತದೆ. ಸುತ್ತಿಗೆಯ ಬಲ ಕಾದ ಕಬ್ಬಿಣಕ್ಕೇ ಸಲ್ಲುತ್ತದೆ. ಮೆತ್ತಗಿನ ಎರಕದ ಕಬ್ಬಿಣ ಆ ಬಲವನ್ನು ತಾನೇ ನುಂಗುತ್ತದೆ, ನಿಮ್ಮ ತೋಳು ಸೋಲುತ್ತದೆ.

ಗುಂಡನ್ನು ಮೇಲ್ಮೈಯ ಉದ್ದಕ್ಕೂ ಬಿಟ್ಟು ನೋಡಿ. ಒಂದೇ ಕಡೆ ಪುಟಿತ ಸತ್ತಿದ್ದರೆ ಅಲ್ಲಿ ಮೇಲಿನ ಉಕ್ಕಿನ ಪದರ ಒಡಲಿನಿಂದ ಬಿಟ್ಟುಕೊಂಡಿರಬಹುದು. ಸುತ್ತಿಗೆಯಿಂದ ತಟ್ಟಿದಾಗ ಬರುವ ಗಂಟೆಯಂಥ ನಾದವೊಂದನ್ನೇ ನಂಬಬೇಡಿ. ಎರಕದ ಒಡಲಿಗೆ ಉಕ್ಕಿನ ಮೇಲ್ಮೈ ಕೂಡಿಸಿದ ಕೆಲವು ಉತ್ತಮ ಅಡಿಗಲ್ಲುಗಳು ಹೆಚ್ಚು ಸದ್ದು ಮಾಡುವುದೇ ಇಲ್ಲ.

ಹಳೆಯ ಇಂಗ್ಲಿಷ್ ಅಡಿಗಲ್ಲುಗಳ ಪಕ್ಕದಲ್ಲಿ ಮೂರು ಅಂಕಿಗಳಿರುತ್ತವೆ, ಅದು ತೂಕ: ಮೊದಲನೆಯದನ್ನು 112ರಿಂದ, ಎರಡನೆಯದನ್ನು 28ರಿಂದ ಗುಣಿಸಿ, ಮೂರನೆಯದನ್ನು ಹಾಗೇ ಕೂಡಿಸಿ. 1-2-10 ಎಂದಿದ್ದರೆ 178 ಪೌಂಡ್, ಅಂದರೆ ಸುಮಾರು 81 ಕೆ.ಜಿ.

ತುಕ್ಕು, ಅಂಚಿನ ಸಣ್ಣ ಚಕ್ಕೆಗಳಿಗೆ ಹೆದರಬೇಡಿ. ಆದರೆ ಮೇಲ್ಮೈಯನ್ನು ಯಂತ್ರದಲ್ಲಿ ಉಜ್ಜಿ ಹೊಳೆಯುವಂತೆ ಮಾಡಿದ್ದರೆ ಎಚ್ಚರ, ತೆಳುವಾದ ಉಕ್ಕಿನ ಪದರವೇ ಸವೆದುಹೋಗಿರಬಹುದು.